ಕಾರ್ಲೊ ರೀವಾ ಕೂತಿದ್ದ ಕಮಾನಿನ ಕೋಣೆ

ಇಟಲಿಯ ರೀವಾ ದೋಣಿ ಕಂಪನಿ ಶುರುವಾದದ್ದು 1842ರಲ್ಲಿ. ಕಾರ್ಲೊ ರೀವಾ ಹುಟ್ಟಿದ್ದು 1922ರ ಫೆಬ್ರವರಿ 24ರಂದು. ನಡುವೆ ಎಂಬತ್ತು ವರ್ಷ. ಹಾಗಿದ್ದರೂ ನಾನು ಅವರನ್ನು ಸ್ಥಾಪಕರು ಅಂತಲೇ ಕರೆಯುತ್ತೇನೆ. ಲೆಕ್ಕಕ್ಕೆ ಅವರು ನಾಲ್ಕನೇ ತಲೆಮಾರು, ಮುತ್ತಜ್ಜ ಶುರು ಮಾಡಿದ ಕೆಲಸವನ್ನು ಮುಂದುವರಿಸಿದವರು, ನಿಜ. ಆದರೆ ಇವತ್ತು ರೀವಾ ಅಂದಾಗ ಜನರ ಕಣ್ಣ ಮುಂದೆ ಬರುವುದು ಒಂದೇ ಚಿತ್ರ. ಕನ್ನಡಿಯ ಹಾಗೆ ಹೊಳೆಯುವ ಮಹಾಗನಿ ಮರ, ಬಿಳಿ ಮತ್ತು ತಿಳಿ ಹಸಿರು-ನೀಲಿ ಪಟ್ಟೆಯ ಮೆತ್ತೆಗಳು, ಮುಂದೆ ಬಾಗಿದ ಗಾಜು. ಆ ಚಿತ್ರವನ್ನು ಹುಟ್ಟಿಸಿದವರು ಕಾರ್ಲೊ. ಅವರಿಗಿಂತ ಮೊದಲು ಅದು ಸರೋವರದ ದಡದಲ್ಲಿ ದೋಣಿ ಕಟ್ಟುವ ಒಂದು ಒಳ್ಳೆಯ ಜಾಗ, ಅಷ್ಟೆ.

ಅವರು ತೀರಿಕೊಂಡದ್ದು 2017ರ ಏಪ್ರಿಲ್ 10ರಂದು, ಮೊನಾಕೊದಲ್ಲಿ. 95 ವರ್ಷ ಆಗಿತ್ತು. ನಾನಾಗ ಕೆಲಸದ ಮೇಲೆ ಮಿಲಾನಿನಲ್ಲಿದ್ದೆ. ನನ್ನ ಆಫೀಸಿನಲ್ಲಿ ಬೆರ್ಗಮೊ ಕಡೆಯ ಹಿರಿಯರೊಬ್ಬರಿದ್ದರು. ಮಾರನೇ ದಿನ ಅವರು ಪೇಪರು ಹಿಡಿದುಕೊಂಡೇ ಬಂದರು, ಕೂತರು, ತುಂಬ ಹೊತ್ತು ಏನೂ ಮಾತಾಡಲಿಲ್ಲ. ಮನೆಯವರೇ ಯಾರೋ ಹೋದ ಹಾಗಿತ್ತು ಅವರ ಮುಖ. ದೋಣಿ ಮಾಡುವವರೊಬ್ಬರು ತೀರಿಕೊಂಡದ್ದಕ್ಕೆ ಕಂಪ್ಯೂಟರ್ ಕೆಲಸದ ಒಬ್ಬರು ಹೀಗೆ ಕೂರುವುದನ್ನು ನಾನು ನೋಡಿದ್ದು ಅದೇ ಮೊದಲು. ಕೇಳಿದಾಗ, ಈ ಸೋಮವಾರ ರಜೆ ಇದೆಯಲ್ಲ, ನಿಮ್ಮನ್ನು ಸಾರ್ನಿಕೊಗೆ ಕರೆದುಕೊಂಡು ಹೋಗುತ್ತೇನೆ, ಅಲ್ಲೇ ಹೇಳುತ್ತೇನೆ ಅಂದರು.

ಈಸ್ಟರ್ ಮರುದಿನದ ಸೋಮವಾರ ಇಟಲಿಯಲ್ಲಿ ರಜೆ. ಊರೆಲ್ಲ ಬುತ್ತಿ ಕಟ್ಟಿಕೊಂಡು ಹೊರಗೆ ಹೊರಡುವ ದಿನ. ನಾವೂ ಹಾಗೇ ಹೊರಟೆವು. ಸಾರ್ನಿಕೊ ಇರುವುದು ಇಸೆಯೊ ಸರೋವರದ ದಕ್ಷಿಣದ ತುದಿಯಲ್ಲಿ. ಓಲ್ಯೊ ಎಂಬ ನದಿ ಸರೋವರದಿಂದ ಹೊರಬೀಳುವ ಜಾಗ ಅದು. ಈಚೆ ದಡ ಬೆರ್ಗಮೊ ಜಿಲ್ಲೆ, ಸೇತುವೆ ದಾಟಿದರೆ ಆಚೆ ದಡ ಬ್ರೆಶಾ ಜಿಲ್ಲೆ. ಕೋಮೊ, ಗಾರ್ದಾ ಸರೋವರಗಳಷ್ಟು ಹೆಸರು ಇದಕ್ಕಿಲ್ಲ. ಅದರ ಹಿಂದಿನ ವರ್ಷ, 2016ರ ಬೇಸಿಗೆಯಲ್ಲಿ, ಕ್ರಿಸ್ಟೊ ಎಂಬ ಕಲಾವಿದ ನೀರಿನ ಮೇಲೆ ಹಳದಿ ಬಟ್ಟೆಯ ದಾರಿ ಹಾಸಿ ಜನರನ್ನು ನಡೆಸಿದ್ದರಲ್ಲ, ಆಗ ಮಾತ್ರ ಹೊರಗಿನವರಿಗೆ ಈ ಸರೋವರದ ಹೆಸರು ಸ್ವಲ್ಪ ಗೊತ್ತಾಯಿತು. ದೋಣಿಯ ಜನರಿಗೆ ಮಾತ್ರ ಅದಕ್ಕೂ ಮೊದಲೇ ಗೊತ್ತಿತ್ತು.

ಇಟಾಲಿಯನ್ ಭಾಷೆಯಲ್ಲಿ ರೀವಾ ಅಂದರೆ ದಡ. ಮನೆತನದ ಹೆಸರೇ ಹಾಗೆ. ಪಿಯೆತ್ರೊ ರೀವಾ ಎಂಬ ಯುವಕ ಕೋಮೊ ಸರೋವರದ ಪಕ್ಕದ ಲಾಲ್ಯೊ ಎಂಬ ಹಳ್ಳಿಯಿಂದ 1842ರಲ್ಲಿ ಸಾರ್ನಿಕೊಗೆ ಬಂದ. ಬಿರುಗಾಳಿಯಲ್ಲಿ ಊರಿನ ದೋಣಿಗಳು ಮುರಿದುಹೋಗಿದ್ದವು, ರಿಪೇರಿ ಮಾಡುವವರು ಬೇಕಿತ್ತು. ಮಾಡಿಕೊಟ್ಟ, ಅಲ್ಲೇ ಉಳಿದ. ಮೀನಿನವರಿಗೆ, ಸರಕು ಸಾಗಿಸುವವರಿಗೆ ದೋಣಿ ಕಟ್ಟುತ್ತಾ ಹೋದ. ಅವನ ನಂತರ ಎರ್ನೆಸ್ತೊ ಬಂದ, ದೋಣಿಗೆ ಎಂಜಿನ್ ಬಂತು. ಆಮೇಲೆ ಕಾರ್ಲೊ ಅವರ ಅಪ್ಪ ಸೆರಫೀನೊ. ಸೆರಫೀನೊಗೆ ವೇಗದ ಹುಚ್ಚು. ಇಪ್ಪತ್ತು ಮೂವತ್ತರ ದಶಕದಲ್ಲಿ ಅವರು ಕಟ್ಟಿದ ಪಂದ್ಯದ ದೋಣಿಗಳು ಇಟಲಿಯಲ್ಲೂ ಹೊರಗೂ ಗೆದ್ದವು, ದಾಖಲೆ ಮಾಡಿದವು.

ಅಪ್ಪ ಮಗನಿಗೆ ಜಗಳ ಹುಟ್ಟಿದ್ದು ಇಲ್ಲೇ. ನನಗೆ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸುವುದೂ ಈ ಜಗಳವೇ.

ಸೆರಫೀನೊ ಒಂದೊಂದು ದೋಣಿಯನ್ನೂ ಬೇರೆಯಾಗಿ ಕಟ್ಟುತ್ತಿದ್ದರು. ಗಿರಾಕಿ ಬರುತ್ತಾನೆ, ತನಗೆ ಬೇಕಾದ್ದು ಹೇಳುತ್ತಾನೆ, ಅವನಿಗೆ ತಕ್ಕ ಹಾಗೆ ಅಳತೆ, ಅವನಿಗೆ ತಕ್ಕ ಹಾಗೆ ಎಂಜಿನ್. ಮುಂದಿನದು ಮತ್ತೆ ಮೊದಲಿನಿಂದ. ಒಳ್ಳೆಯ ಬಡಗಿಗೆ ಇದಕ್ಕಿಂತ ಸಂತೋಷದ ಕೆಲಸ ಬೇರೆ ಇಲ್ಲ. ಮಗ ಕೇಳಿದ್ದು ಬೇರೆ. ಒಂದು ಚೆನ್ನಾದ ದೋಣಿಯನ್ನು ಯೋಚಿಸಿ ಯೋಚಿಸಿ ಸರಿ ಮಾಡೋಣ, ಆಮೇಲೆ ಅದೇ ದೋಣಿಯನ್ನು ಹತ್ತು ಸಲ, ನೂರು ಸಲ ಮಾಡೋಣ, ನೂರನೆಯದು ಮೊದಲನೆಯದಕ್ಕಿಂತ ಒಂದು ಕೂದಲೆಳೆಯೂ ಕಡಿಮೆ ಆಗಬಾರದು ಅನ್ನುವುದು ಅವರ ಆಸೆ. ಎರಡನೇ ಮಹಾಯುದ್ಧ ಮುಗಿದು ಇಟಲಿ ಇನ್ನೂ ಎದ್ದು ನಿಲ್ಲುತ್ತಿದ್ದ ಕಾಲ. ಮೋಜಿಗೆ ದೋಣಿ ಯಾರು ಕೊಳ್ಳುತ್ತಾರೆ ಅಂತ ಅಪ್ಪನಿಗೆ ಅನಿಸಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ. ಕೊನೆಗೆ ಹೆಚ್ಚುಕಡಿಮೆ 1950ರ ಹೊತ್ತಿಗೆ ಕೆಲಸದ ಹೊಣೆ ಕಾರ್ಲೊ ಕೈಗೆ ಬಂತು. ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಇಲ್ಲಿ ನನ್ನ ಊರಿನ ಎರಡು ಮಾತು ಹೇಳಲೇಬೇಕು. ನಾನು ಬೆಳೆದದ್ದು ಗಂಗೊಳ್ಳಿಯಲ್ಲಿ, ಹೊಳೆಯ ಪಕ್ಕ. ಶಾಲೆಯಿಂದ ಬರುವ ದಾರಿಯಲ್ಲೇ ಮೀನುಗಾರಿಕೆ ಬೋಟು ಕಟ್ಟುವ ಜಾಗ. ಹೆಬ್ಬಲಸಿನ ಹಲಗೆಗಳು, ಗರಗಸದ ಹುಡಿ, ಗೇರೆಣ್ಣೆ ವಾಸನೆ, ಇವೆಲ್ಲ ಇವತ್ತಿಗೂ ಮೂಗಿನಲ್ಲಿವೆ. ಅಲ್ಲಿನ ಹಿರಿಯ ಆಚಾರಿಯೊಬ್ಬರು ಕಾಗದದ ಮೇಲೆ ಗೆರೆ ಎಳೆಯುತ್ತಿರಲಿಲ್ಲ. ಬೋಟಿನ ರೂಪ ಅವರ ಕಣ್ಣಲ್ಲಿರುತ್ತಿತ್ತು. ಬಾಗಿದ ಮರ ಬೇಕಾದರೆ ಬಾಗಿಯೇ ಬೆಳೆದ ಕೊಂಬೆ ಹುಡುಕುತ್ತಿದ್ದರು. ಒಂದು ಬೋಟಿನ ಹಾಗೆ ಇನ್ನೊಂದು ಇರುತ್ತಿರಲಿಲ್ಲ, ಇರಬೇಕು ಅಂತ ಯಾರೂ ಕೇಳುತ್ತಲೂ ಇರಲಿಲ್ಲ. ಹಾಗಾಗಿ ಸೆರಫೀನೊ ನನಗೆ ಅರ್ಥವಾಗುತ್ತಾರೆ, ತುಂಬ ಚೆನ್ನಾಗಿ. ಕಾರ್ಲೊ ಅವರನ್ನು ಅರ್ಥ ಮಾಡಿಕೊಳ್ಳಲು ನನಗೆ ಸ್ವಲ್ಪ ಕಾಲ ಬೇಕಾಯಿತು. ಒಂದನ್ನು ಚೆನ್ನಾಗಿ ಮಾಡುವುದಕ್ಕೆ ಒಬ್ಬ ಒಳ್ಳೆಯ ಕೆಲಸಗಾರ ಸಾಕು. ಅದೇ ಒಳ್ಳೆಯತನವನ್ನು ಬೇರೆ ಬೇರೆ ಕೈಗಳಿಂದ, ಬೇರೆ ಬೇರೆ ಮರದಿಂದ, ಮಳೆಗಾಲ ಚಳಿಗಾಲ ಅನ್ನದೆ ಪ್ರತಿ ಸಲ ತೆಗೆಯುವುದು ಅಂದರೆ ಅದು ಬೇರೆಯೇ ವಿದ್ಯೆ. ಆ ವಿದ್ಯೆ ಆ ಮನೆಯಲ್ಲಿ ಮೊದಲು ಇರಲಿಲ್ಲ. ಕಾರ್ಲೊ ಅದನ್ನು ತಂದರು. ನಾನು ಅವರನ್ನು ಸ್ಥಾಪಕರು ಅನ್ನುವುದು ಇದಕ್ಕೇ.

ಅವರ ಮುಂದೆ ಒಂದು ಮಾದರಿ ಇತ್ತು, ಅಮೆರಿಕದ ಕ್ರಿಸ್-ಕ್ರಾಫ್ಟ್. ಮಿಶಿಗನ್ ರಾಜ್ಯದ ಆ ಕಂಪನಿ ಮಹಾಗನಿಯ ಮೋಟಾರು ದೋಣಿಗಳನ್ನು ಕಾರಿನ ಹಾಗೆ ಸಾಲಾಗಿ ತಯಾರಿಸುತ್ತಿತ್ತು. ಕಾರ್ಲೊ ಐವತ್ತರ ದಶಕದ ಶುರುವಿನಲ್ಲಿ ಅಮೆರಿಕಕ್ಕೆ ಹೋಗಿ ಅವರ ಎಂಜಿನ್ನುಗಳನ್ನು ತರಿಸುವ ಒಪ್ಪಂದ ಮಾಡಿಕೊಂಡು ಬಂದರು. ಯುದ್ಧದಲ್ಲಿ ನೆಲ ಕಚ್ಚಿದ ದೇಶದ, ಯಾರೂ ಕೇಳಿರದ ಸರೋವರದ ಒಬ್ಬ ಹುಡುಗ ಜಗತ್ತಿನ ಅತಿ ದೊಡ್ಡ ದೋಣಿ ಕಂಪನಿಗಳಲ್ಲೊಂದರ ಬಾಗಿಲು ತಟ್ಟಿದ್ದು. ಧೈರ್ಯ ಬೇಕು, ಅಲ್ವಾ. ಎಂಜಿನ್ ಯಾಕೆ ಅಷ್ಟು ಮುಖ್ಯ ಅಂದರೆ, ಈ ಬಗೆಯ ದೋಣಿ ನಿಧಾನಕ್ಕೆ ಹೋಗುವಾಗ ಎಲ್ಲ ದೋಣಿಯ ಹಾಗೆ ನೀರನ್ನು ಸೀಳಿಕೊಂಡು ಹೋಗುತ್ತದೆ. ವೇಗ ಹೆಚ್ಚಿದ ಮೇಲೆ ಮೂತಿ ಎತ್ತಿ ನೀರಿನ ಮೇಲೆಯೇ ಜಾರತೊಡಗುತ್ತದೆ. ಜಾರಬೇಕಾದರೆ ಶಕ್ತಿ ಬೇಕು, ಶಕ್ತಿಯ ಜೊತೆಗೆ ನಂಬಿಕೆಯೂ ಬೇಕು, ನಡು ನೀರಿನಲ್ಲಿ ಅದು ಕೈಕೊಡಬಾರದು. ಅಪ್ಪನ ಪಂದ್ಯದ ದೋಣಿಗಳಲ್ಲಿ ಎಂಜಿನ್ ಒಂದು ಓಟ ಮುಗಿಸಿದರೆ ಸಾಕಿತ್ತು. ಮಗನ ದೋಣಿಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡ ಗಿರಾಕಿ ಪ್ರತಿ ಭಾನುವಾರ ಕೀ ತಿರುಗಿಸಿದರೆ ಅದು ಶುರುವಾಗಬೇಕು.

ದೋಣಿಗಳಿಗೆ ಅವರು ಇಟ್ಟ ಹೆಸರುಗಳು ನನಗೆ ಇಷ್ಟ. ಸೆಬೀನೊ, ಅದು ಇಸೆಯೊ ಸರೋವರದ ಹಳೆಯ ಲ್ಯಾಟಿನ್ ಹೆಸರಿನಿಂದ ಬಂದದ್ದು. ಸ್ಕೊಯಾತ್ತೊಲೊ ಅಂದರೆ ಅಳಿಲು. ಫ್ಲೋರಿಡಾ ಅಂತ ಒಂದು. ಅರಿಸ್ತೋನ್, ಗ್ರೀಕಿನಲ್ಲಿ ಎಲ್ಲಕ್ಕಿಂತ ಮೇಲಾದದ್ದು ಅಂತ ಅರ್ಥ. ಎರಡು ಎಂಜಿನ್ನಿನ ತ್ರಿತೋನೆ. ಇವೆಲ್ಲ ಐವತ್ತರ ದಶಕದವು.

ಸಾರ್ನಿಕೊ ಊರು ದಾಟಿ ಸ್ವಲ್ಪ ದೂರ ಹೋದರೆ ರಸ್ತೆಗೂ ನೀರಿಗೂ ನಡುವೆ ಕಾರ್ಖಾನೆ. ಐವತ್ತರ ದಶಕದಲ್ಲಿ ಕಾರ್ಲೊ ಹೊಸದಾಗಿ ಕಟ್ಟಿಸಿದ್ದು. ರಜೆಯ ದಿನ, ಒಳಗೆ ಬಿಡುವುದಿಲ್ಲ. ನಾವು ದಡದಲ್ಲಿ ನಿಂತು ನೋಡಿದೆವು. ಎರಡು ದೊಡ್ಡ ಶೆಡ್ಡುಗಳ ನಡುವೆ ದೋಣಿಗಳನ್ನು ನೀರಿಗೆ ಇಳಿಸುವ ಜಾಗ, ಅದರ ಮೇಲೆ ಈ ಕಡೆಯಿಂದ ಆ ಕಡೆಗೆ ಒಂದು ದೊಡ್ಡ ಕಾಂಕ್ರೀಟಿನ ಕಮಾನು. ಆ ಕಮಾನಿನ ಒಳಗೆ, ನೆಲದಿಂದ ಎತ್ತರದಲ್ಲಿ, ಗಾಜಿನ ಗೋಡೆಗಳ ಒಂದು ಕೋಣೆ. ಅಲ್ಲಿನವರು ಅದನ್ನು ಪ್ಲಾಂಚಾ ಅನ್ನುತ್ತಾರೆ. ಹಡಗಿನ ಕ್ಯಾಪ್ಟನ್ ನಿಂತು ಹಡಗು ನಡೆಸುವ ಜಾಗಕ್ಕೆ ಇಟಾಲಿಯನ್ನಿನಲ್ಲಿ ಅದೇ ಹೆಸರು. ಅದು ಕಾರ್ಲೊ ಅವರ ಆಫೀಸು.

ಒಂದು ಕಡೆ ಸರೋವರ. ಇನ್ನೊಂದು ಕಡೆ ಕೆಲಸದ ಜಾಗ. ಕೆಳಗೆ ತಯಾರಾದ ದೋಣಿ ನೀರಿಗೆ ಇಳಿಯುವುದೂ ಕಾಣುತ್ತದೆ. ನಮ್ಮ ಹಿರಿಯ ಸಹೋದ್ಯೋಗಿಯ ಕುಟುಂಬದ ಒಬ್ಬರು ಆ ಕಾಲದಲ್ಲಿ ಅಲ್ಲಿ ವಾರ್ನಿಷ್ ಕೆಲಸಕ್ಕಿದ್ದರಂತೆ. ತಲೆ ಎತ್ತಿದರೆ ಆ ಗಾಜಿನ ಹಿಂದೆ ಕಾರ್ಲೊ ನಿಂತಿರುತ್ತಿದ್ದರು, ತಲೆ ಎತ್ತದಿದ್ದರೂ ನಿಂತಿದ್ದಾರೆ ಅಂತ ಗೊತ್ತಿರುತ್ತಿತ್ತು ಅಂತ ಮನೆಯಲ್ಲಿ ಹೇಳುತ್ತಿದ್ದರಂತೆ. ಅದು ಕಾವಲು ಕಾಯುವುದೇ ಅಲ್ವಾ ಅಂತ ನಾನು ಕೇಳಿದೆ. ಅವರು ತುಂಬ ಹೊತ್ತು ಯೋಚಿಸಿದರು. ಕಾವಲು ಹೌದು, ಆದರೆ ಅವರು ನೋಡುತ್ತಿದ್ದದ್ದು ಕೆಲಸವನ್ನು, ಕೆಲಸ ಚೆನ್ನಾಗಿದ್ದರೆ ಕೆಳಗೆ ಇಳಿದು ಬಂದು ಅದನ್ನೂ ಹೇಳುತ್ತಿದ್ದರು ಅಂದರು. ಕಟ್ಟುನಿಟ್ಟಿನ ಯಜಮಾನನ ಬಗ್ಗೆ ಕೆಲಸದವರ ಮನೆಯಲ್ಲಿ ಅರವತ್ತು ವರ್ಷದ ಮೇಲೂ ಇಂಥ ಮಾತು ಉಳಿಯುವುದು ಸುಮ್ನೆ ಅಲ್ಲ. ನಾನು ನೋಡಿದ ಎಷ್ಟೋ ಆಫೀಸುಗಳಲ್ಲಿ ಯಜಮಾನರ ಕೋಣೆ ಕೆಲಸದಿಂದ ಆದಷ್ಟು ದೂರ, ಬಾಗಿಲ ಹಿಂದೆ ಬಾಗಿಲು. ಇವರು ಕಟ್ಟಿಸಿಕೊಂಡದ್ದು ಕೆಲಸದ ನೆತ್ತಿಯ ಮೇಲೆ.

ಅಷ್ಟಾಗಿ ನೋಡುವಂಥದ್ದು ಅಲ್ಲಿ ಏನಿತ್ತು? ಮರದ ಬಗ್ಗೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಿಲ್ಲದಿದ್ದರೆ ಆ ಮನುಷ್ಯನ ಹಟ ಅರ್ಥವಾಗುವುದಿಲ್ಲ. ಮರ ಕಡಿದ ಮೇಲೂ ಸಾಯುವುದಿಲ್ಲ ಅಂತ ನಮ್ಮೂರಿನ ಆಚಾರಿಗಳು ಹೇಳುತ್ತಿದ್ದರು. ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಒಣಗಿದರೆ ಕುಗ್ಗುತ್ತದೆ. ದಪ್ಪ ಹಲಗೆ ಜೋಡಿಸಿ ಮಾಡಿದ ದೋಣಿಯಲ್ಲಿ ಹೀಗಾದಾಗ ಸಂದಿ ಬಿಡುತ್ತದೆ, ನೀರು ಒಳಗೆ ಬರುತ್ತದೆ. ಮೀನಿನ ದೋಣಿಯಾದರೆ ಸಂದಿಗೆ ಹತ್ತಿ ತುರುಕಿ ಎಣ್ಣೆ ಬಳಿಯಬಹುದು. ಆದರೆ ವೇಗವಾಗಿ ನೀರಿನ ಮೇಲೆ ಜಾರುವ ದೋಣಿಯ ತಳಕ್ಕೆ ಪ್ರತಿ ಕ್ಷಣವೂ ಅಲೆಯ ಪೆಟ್ಟು. ಅದಕ್ಕೇ ರೀವಾದವರು ಮರದ ತೆಳು ಪದರಗಳನ್ನು ಒಂದರ ಮೇಲೊಂದು ಅಂಟಿಸಿ, ಒತ್ತಿ, ಬೇಕಾದ ಬಾಗಿಗೆ ತರುವ ರೀತಿಯನ್ನು ಬೆಳೆಸಿದರು. ಒಂದು ಪದರದ ನಾರು ಒಂದು ಕಡೆಗೆ, ಮೇಲಿನದರ ನಾರು ಇನ್ನೊಂದು ಕಡೆಗೆ. ಒಂದು ಉಬ್ಬಲು ಹೋದರೆ ಇನ್ನೊಂದು ಬಿಡುವುದಿಲ್ಲ. ದೋಣಿ ಹಗುರ, ಗಟ್ಟಿ, ಮುಖ್ಯವಾಗಿ ಪ್ರತಿ ಸಲವೂ ಅದೇ ರೂಪ. ನಮ್ಮ ಆಚಾರಿ ಬಾಗಿದ ಕೊಂಬೆ ಹುಡುಕಿದರು. ಕಾರ್ಲೊ ಬಾಗನ್ನೇ ಅಚ್ಚಿನಲ್ಲಿ ಹಿಡಿದಿಟ್ಟರು.

ಮೇಲಿನ ಹೊಳಪು ಇನ್ನೊಂದು ಕಥೆ. ವಾರ್ನಿಷ್ ಒಂದೇ ಸಲ ದಪ್ಪಕ್ಕೆ ಬಳಿಯುವ ವಸ್ತುವಲ್ಲ. ತೆಳ್ಳಗೆ ಬಳಿ, ಒಣಗಲು ಬಿಡು, ಕಾಗದದಿಂದ ಉಜ್ಜು, ಹುಡಿ ಒರೆಸು, ಮತ್ತೆ ಬಳಿ. ಈಗಲೂ ಆ ಕಾರ್ಖಾನೆಯಲ್ಲಿ ಮಹಾಗನಿಗೆ ಇಪ್ಪತ್ತರ ಹತ್ತಿರ ಕೋಟು ಕೊಡುತ್ತಾರೆ. ನಡುವಿನ ಒಂದು ಕೋಟಿನಲ್ಲಿ ಒಂದು ಹುಡಿಯ ಕಣ ಸಿಕ್ಕಿಹಾಕಿಕೊಂಡರೆ ಮೇಲಿನ ಎಲ್ಲ ಕೋಟುಗಳೂ ಅದನ್ನು ದೊಡ್ಡದು ಮಾಡಿ ತೋರಿಸುತ್ತವೆ. ಇಷ್ಟೆಲ್ಲ ಮಾಡಿದ ಮೇಲೂ ಬಿಸಿಲು ಅದನ್ನು ತಿನ್ನುತ್ತದೆ, ವರ್ಷ ವರ್ಷ ಆರೈಕೆ ಬೇಕು. ಫೈಬರಿನ ಹಾಗೆ ತೊಳೆದು ಬಿಟ್ಟರೆ ಆಯಿತು ಅನ್ನುವ ಹಾಗಿಲ್ಲ. ಇಂಥ ಕಷ್ಟದ ವಸ್ತುವನ್ನು ಹಿಡಿದುಕೊಂಡು, ಅದನ್ನೇ ನೂರಾರು ಸಲ ಒಂದೇ ಮಟ್ಟದಲ್ಲಿ ಮಾಡಬೇಕು ಅಂದರೆ ಮೇಲೆ ಗಾಜಿನ ಹಿಂದೆ ಯಾರಾದರೂ ನಿಲ್ಲಲೇಬೇಕಾಗುತ್ತದೆ ಅಂತ ನನಗೆ ಅಲ್ಲಿ ನಿಂತಾಗ ಅನಿಸಿತು.

ಇದೆಲ್ಲ ಒಟ್ಟಾಗಿ ಬಂದದ್ದು ಅಕ್ವಾರಾಮಾ ಎಂಬ ದೋಣಿಯಲ್ಲಿ. 1962ರ ನವೆಂಬರಿನಲ್ಲಿ ಮಿಲಾನಿನ ಪ್ರದರ್ಶನದಲ್ಲಿ ಅದನ್ನು ಜನರ ಮುಂದಿಟ್ಟರು. ಎಂಟು ಮೀಟರಿಗಿಂತ ಸ್ವಲ್ಪ ಉದ್ದ, ಎರಡು ಎಂಜಿನ್, ತ್ರಿತೋನೆಯಿಂದ ಬೆಳೆದದ್ದು. ಹೆಸರು ಬಂದದ್ದು ಸಿನೆರಾಮಾದಿಂದ. ಆಗ ಮೂರು ಪ್ರೊಜೆಕ್ಟರು ಇಟ್ಟು ಅರ್ಧಚಂದ್ರದ ಹಾಗೆ ಬಾಗಿದ ಅಗಲವಾದ ತೆರೆಯ ಮೇಲೆ ಸಿನಿಮಾ ತೋರಿಸುತ್ತಿದ್ದರಲ್ಲ, ಅದು. ಈ ದೋಣಿಯ ಮುಂದಿನ ಗಾಜೂ ಹಾಗೇ ಎರಡೂ ಬದಿಗೆ ಸುತ್ತಿಕೊಂಡು ಬರುತ್ತದೆ, ಕೂತವನಿಗೆ ನೀರೆಲ್ಲ ಒಂದೇ ತೆರೆಯಾಗಿ ಕಾಣುತ್ತದೆ. ಚುಕ್ಕಾಣಿಯ ಸುತ್ತಮುತ್ತ ನೋಡಿದರೆ ಆ ಕಾಲದ ಅಮೆರಿಕದ ಕಾರಿನ ಹಾಗೆ. ಹಿಂದೆ ಎಂಜಿನ್ನಿನ ಮುಚ್ಚಳದ ಮೇಲೆ ಮೆತ್ತೆ, ಬಿಸಿಲು ಕಾಯಲು. ಎಂಜಿನ್ ಇಡಲು ಹೇಗೂ ಬೇಕಾದ ಜಾಗವನ್ನೇ ದೋಣಿಯ ಅತಿ ಸುಖದ ಜಾಗ ಮಾಡಿದರು. ಇದು ನನಗೆ ಬಹಳ ಹಿಡಿಸಿದ ಸಂಗತಿ. ದೋಣಿಯ ವಿನ್ಯಾಸದ ಚಿತ್ರ ಬರೆಯಲು ಕಾರ್ಲೊ ಜೊತೆ ಜೋರ್ಜೊ ಬರಿಲಾನಿ ಇದ್ದರು. ಅವರು ಐವತ್ತರ ದಶಕದಲ್ಲೇ ಹುಡುಗನಾಗಿ ಬಂದು ಸೇರಿದವರು, ಜೀವನವೆಲ್ಲ ಅಲ್ಲೇ ಕಳೆದವರು. ಅವರ ಹೆಸರು ಹೇಳದೆ ರೀವಾ ಬಗ್ಗೆ ಬರೆಯುವುದು ಸರಿಯಲ್ಲ.

ಕೊಂಡವರ ಪಟ್ಟಿ ಎಲ್ಲರಿಗೂ ಗೊತ್ತು. ಬ್ರಿಜೀತ್ ಬಾರ್ದೊ, ಸೋಫಿಯಾ ಲೊರೆನ್, ಮೊನಾಕೊದ ರಾಜ ರೆನಿಯೆ. ಬರಹಗಳೆಲ್ಲ ಇಲ್ಲಿಂದಲೇ ಶುರುವಾಗುತ್ತವೆ, ಹಾಗಾಗಿ ನಾನು ಇಷ್ಟಕ್ಕೇ ಬಿಡುತ್ತೇನೆ. ಒಬ್ಬರ ಬಗ್ಗೆ ಮಾತ್ರ ಹೇಳಬೇಕು. ಫೆರ್ರುಚ್ಚೊ ಲಂಬೊರ್ಗಿನಿ. ಅವರು 1968ರಲ್ಲಿ ಅಕ್ವಾರಾಮಾ ತರಿಸಿಕೊಂಡು ಅದಕ್ಕೆ ತಮ್ಮದೇ ಕಾರಿನ, ಹನ್ನೆರಡು ಸಿಲಿಂಡರಿನ ಎರಡು ಎಂಜಿನ್ ಕೂರಿಸಿಕೊಂಡರು. ಅಂಥದ್ದು ಅದೊಂದೇ. ಎಂಜಿನ್ ವಿಷಯದಲ್ಲಿ ಯಾರ ಮಾತನ್ನೂ ಕೇಳದ ಮನುಷ್ಯ ದೋಣಿಯ ಮೈಯನ್ನು ಮಾತ್ರ ಮುಟ್ಟಲಿಲ್ಲ, ಅದನ್ನು ಕಾರ್ಲೊ ಅವರಿಗೇ ಬಿಟ್ಟರು ಅನ್ನುವುದು ನನಗೆ ಎಲ್ಲ ನಟಿಯರ ಫೋಟೊಗಳಿಗಿಂತ ದೊಡ್ಡ ಮರ್ಯಾದೆಯಾಗಿ ಕಾಣುತ್ತದೆ.

ಕಾರ್ಲೊ ಬರೀ ಮರದ ಮನುಷ್ಯರೂ ಅಲ್ಲ. ದೋಣಿ ಮಾರಿದ ಮೇಲೆ ಕೆಲಸ ಮುಗಿಯಿತು ಅಂತ ಅವರು ಯಾವತ್ತೂ ಅಂದುಕೊಳ್ಳಲಿಲ್ಲ. 1959ರಲ್ಲಿ ಮೊನಾಕೊದಲ್ಲಿ ಒಂದು ಸರ್ವಿಸ್ ಜಾಗ ಶುರು ಮಾಡಿದರು. ಅಲ್ಲಿ ದೋಣಿಗಳನ್ನು ಇಡುವುದು ಬಂಡೆಯೊಳಗೆ ಕೊರೆದ ಸುರಂಗದಲ್ಲಿ. ಬಿಸಿಲು ಮರಕ್ಕೆ ಶತ್ರು, ಬಂಡೆಯ ಹೊಟ್ಟೆಯಲ್ಲಿ ಬಿಸಿಲಿಲ್ಲ. ಇಷ್ಟು ನೇರವಾದ ಯೋಚನೆ.

ಇನ್ನು ಹೇಳಲು ಕಷ್ಟದ ಭಾಗ. 1969ರಲ್ಲಿ ಅವರು ಕಂಪನಿಯನ್ನು ಅಮೆರಿಕದ ವಿಟಾಕರ್ ಎಂಬ ಸಂಸ್ಥೆಗೆ ಮಾರಿದರು. ಇಟಲಿಯ ಕಾರ್ಖಾನೆಗಳಲ್ಲೆಲ್ಲ ಮುಷ್ಕರ ಎದ್ದ ವರ್ಷ ಅದು. ದೋಣಿಯ ಲೋಕವೂ ಬದಲಾಗುತ್ತಿತ್ತು. ಫೈಬರ್ ಬಂದಿತ್ತು. ಅಚ್ಚಿನೊಳಗೆ ಬಟ್ಟೆ ಹಾಸಿ ರಾಳ ಸುರಿದರೆ ದೋಣಿಯ ಮೈ ತಯಾರು, ಉಬ್ಬುವುದಿಲ್ಲ, ಕುಗ್ಗುವುದಿಲ್ಲ, ಇಪ್ಪತ್ತು ಕೋಟು ಬೇಡ. ಎಲ್ಲವೂ ಒಂದೇ ಥರ ಇರಬೇಕು ಅಂತ ಹಟ ಹಿಡಿದ ಮನುಷ್ಯನಿಗೆ ಕಾಲವು ಅದನ್ನು ಸುಲಭವಾಗಿ ಮಾಡುವ ದಾರಿ ತಂದುಕೊಟ್ಟಿತ್ತು, ಆದರೆ ಅದರಲ್ಲಿ ಮರ ಇರಲಿಲ್ಲ. ಮಾರಿದ ಮೇಲೆ ಸ್ವಲ್ಪ ಕಾಲ ಅಲ್ಲೇ ಇದ್ದರು. ಹೊಸ ಒಡೆಯರ ಜೊತೆ ಹೊಂದಾಣಿಕೆ ಆಗಲಿಲ್ಲ. 1971ರಲ್ಲಿ ಹೊರಗೆ ನಡೆದರು.

ಆಗ ಅವರಿಗೆ 49 ವರ್ಷ. ಆ ಕಮಾನಿನ ಕೋಣೆಯಲ್ಲಿ ಅವರು ಯಜಮಾನರಾಗಿ ನಿಂತದ್ದು ಒಟ್ಟು ಇಪ್ಪತ್ತು ವರ್ಷವೂ ಇಲ್ಲ. ಹೊರಗೆ ಬಂದ ಮೇಲೆ 46 ವರ್ಷ ಬದುಕಿದರು. ತಮ್ಮ ಮನೆತನದ ಹೆಸರು ಹೊತ್ತ ದೋಣಿಗಳು ತಮ್ಮನ್ನು ಕೇಳದೆ ತಯಾರಾಗುವುದನ್ನು ಅಷ್ಟು ವರ್ಷ ನೋಡಿದರು. ಸಾರ್ನಿಕೊದಲ್ಲಿ ಕೆಲಸ ನಿಲ್ಲಲಿಲ್ಲ, ಸಂಬಂಧದಲ್ಲಿ ಭಾವನಾಗಬೇಕಿದ್ದ ಜೀನೊ ಜೆರ್ವಸೋನಿ ಅದನ್ನು ನಡೆಸಿಕೊಂಡು ಹೋದರು, ಅಕ್ವಾರಾಮಾ 1996ರವರೆಗೂ ತಯಾರಾಯಿತು. ಕಂಪನಿ ಮಾತ್ರ ಕೈಯಿಂದ ಕೈಗೆ ಹೋಯಿತು, ವಿಟಾಕರ್ ಆದ ಮೇಲೆ ಬ್ರಿಟನ್ನಿನ ವಿಕರ್ಸ್, 2000ದಲ್ಲಿ ಇಟಲಿಯದೇ ಫೆರ್ರೆತ್ತಿ. ಈಗ ರೀವಾ ಅಂದರೆ ಫೈಬರಿನ ದೊಡ್ಡ ದೊಡ್ಡ ಯಾಟುಗಳೂ ಸೇರಿವೆ. ಚೆನ್ನಾಗಿವೆ. ಅವುಗಳಲ್ಲೂ ಎಲ್ಲೋ ಒಂದು ಕಡೆ ಮಹಾಗನಿ ಇಡುತ್ತಾರೆ, ಕಾರ್ಲೊ ಅವರ ಗೆರೆಯನ್ನು ನೆನಪಿಸುವ ಹಾಗೆ.

ಈ 46 ವರ್ಷದ ಬಗ್ಗೆ ನಾನು ತುಂಬ ಯೋಚಿಸಿದ್ದೇನೆ. ನಾನಾಗಿದ್ದರೆ ಕಹಿಯಾಗುತ್ತಿದ್ದೆನೇನೋ. ಅವರು ಮತ್ತೆ ಕಟ್ಟಿದರು. ಲಿಗೂರಿಯಾ ಕರಾವಳಿಯ ರಪಾಲ್ಲೊದಲ್ಲಿ, ಪೋರ್ತೊಫೀನೊ ಪಕ್ಕ, ಎಪ್ಪತ್ತರ ದಶಕದಲ್ಲಿ ಒಂದು ದೋಣಿ ಬಂದರು ಕಟ್ಟಿಸಿದರು. ಇಟಲಿಯಲ್ಲಿ ಖಾಸಗಿಯವರು ಕಟ್ಟಿದ ಮೊದಮೊದಲ ಬಂದರುಗಳಲ್ಲಿ ಅದೂ ಒಂದು. ಅದಕ್ಕೆ ಅವರದೇ ಹೆಸರಿದೆ. ದೋಣಿಗಳ ಮೇಲಿನ ಹೆಸರು ಬೇರೆಯವರದಾಗಿತ್ತು, ದೋಣಿಗಳು ಬಂದು ನಿಲ್ಲುವ ಜಾಗಕ್ಕೆ ಅವರ ಹೆಸರು ಬಂತು.

ಅವರು ತೀರಿಕೊಂಡ ಮರುವರ್ಷ, 2018ರ ಅಕ್ಟೋಬರ್ 29ರ ರಾತ್ರಿ, ಆ ಬಂದರಿಗೆ ಬಿರುಗಾಳಿ ಬಡಿಯಿತು. ಇಡೀ ಉತ್ತರ ಇಟಲಿಯನ್ನು ನಡುಗಿಸಿದ ಗಾಳಿ ಅದು, ಬೆಟ್ಟಗಳಲ್ಲಿ ಕಾಡಿಗೆ ಕಾಡೇ ಮಲಗಿತ್ತು. ರಪಾಲ್ಲೊದಲ್ಲಿ ಅಲೆ ತಡೆಯುವ ಗೋಡೆ ಒಡೆದುಹೋಯಿತು, ಒಳಗೆ ಕಟ್ಟಿದ್ದ ದೋಣಿಗಳು ಒಂದಕ್ಕೊಂದು ಬಡಿದು, ಎಷ್ಟೋ ಮುಳುಗಿ, ಎಷ್ಟೋ ದಡದ ರಸ್ತೆಯ ಬದಿಗೆ ಬಂದು ಬಿದ್ದವು. ಬೆಳಿಗ್ಗೆ ಆ ಫೋಟೊಗಳನ್ನು ನೋಡಿದಾಗ ನನಗೆ ಮೊದಲು ಹೊಳೆದದ್ದು ಪಿಯೆತ್ರೊ. 176 ವರ್ಷದ ಹಿಂದೆ ಬಿರುಗಾಳಿ ಮುರಿದ ದೋಣಿಗಳನ್ನು ರಿಪೇರಿ ಮಾಡಲು ಬಂದ ಆ ಹುಡುಗ. ಕಾರ್ಲೊ ಇದನ್ನು ನೋಡಲು ಇರಲಿಲ್ಲವಲ್ಲ ಅಂತ ಒಂದು ಸಮಾಧಾನ. ಇದ್ದಿದ್ದರೆ, 96ರ ವಯಸ್ಸಿನಲ್ಲೂ, ಗೋಡೆಯ ಅಡಿಪಾಯ ಎಲ್ಲಿ ಸೋತಿತು ಅಂತ ಕೇಳುತ್ತಿದ್ದರು ಅಂತಲೂ ಅನಿಸುತ್ತದೆ. ಬಂದರನ್ನು ಆಮೇಲೆ ಮತ್ತೆ ಕಟ್ಟಿದರು.

ಸಾರ್ನಿಕೊದಲ್ಲಿ ಆ ಸೋಮವಾರ ಮಧ್ಯಾಹ್ನ ದಡದ ಕಟ್ಟೆಯ ಮೇಲೆ ಕೂತು ಬುತ್ತಿ ತಿನ್ನುವಾಗ ಹಳೆಯ ಮರದ ದೋಣಿಯೊಂದು, ಅಕ್ವಾರಾಮಾ, ಹತ್ತಿರ ಬಂತು. ಸದ್ದು ಮೊದಲು ಬಂತು, ಗಂಟಲಿನಿಂದ ಬರುವಂಥ ದಪ್ಪ ಸದ್ದು. ವಯಸ್ಸಾದ ಗಂಡ ಹೆಂಡತಿ ಇಬ್ಬರು. ಕಟ್ಟೆಗೆ ಹಗ್ಗ ಕಟ್ಟಿ, ಇಳಿಯುವ ಮೊದಲು, ಆತ ಒಂದು ಮೆತ್ತಗಿನ ಬಟ್ಟೆ ತೆಗೆದುಕೊಂಡು ಮರದ ಮೇಲೆ ಹಾರಿದ್ದ ನೀರನ್ನೆಲ್ಲ ಒರೆಸತೊಡಗಿದರು. ಹನಿ ಒಣಗಿದರೆ ಕಲೆ ಬೀಳುತ್ತದೆ. ಆಕೆ ಅಷ್ಟು ಹೊತ್ತೂ ಬ್ಯಾಗು ಹಿಡಿದುಕೊಂಡು ಸುಮ್ನೆ ಕಾದರು. ಫೋಟೊ ತೆಗೆಯಬಹುದಾ ಅಂತ ಕೇಳಿದೆ. ತೆಗೆಯಿರಿ ಅಂದರು.

ಆ ವರ್ಷ ದೀಪಾವಳಿಗೆ ಊರಿಗೆ ಬಂದಾಗ ಆ ಫೋಟೊವನ್ನು ಆಚಾರಿಯವರಿಗೆ ತೋರಿಸಿದೆ. ಕೆಲಸ ಬಿಟ್ಟು ವರ್ಷಗಳಾಗಿವೆ, ಕಟ್ಟುವ ಜಾಗದಲ್ಲೂ ಈಗ ಕಬ್ಬಿಣ ಮತ್ತು ಫೈಬರೇ ಜಾಸ್ತಿ. ಅವರು ಕನ್ನಡಕ ಹಾಕಿಕೊಂಡು ಜಗಲಿಯ ಬೆಳಕಿಗೆ ಬಂದರು. ಹೊಳಪನ್ನು ನೋಡಲಿಲ್ಲ, ಮೆತ್ತೆಯನ್ನು ನೋಡಲಿಲ್ಲ. ಎರಡು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿ, ಮೂತಿಯ ಹತ್ತಿರ ಎರಡೂ ಬದಿಯ ಮರ ಬಂದು ಕೂಡುವ ಜಾಗಕ್ಕೆ ಹೋಗಿ ನಿಂತರು.

"ಮರ ಯಾವ್ದ್ ಮಾರಾಯಾ?"

ಮಹಾಗನಿ ಅಂದೆ. ತೆಳು ಪದರ ಅಂಟಿಸಿ ಬಾಗಿಸುವ ಕಥೆ ಹೇಳಿದೆ, ಅಚ್ಚಿನ ಕಥೆ ಹೇಳಿದೆ, ಮೇಲೆ ಗಾಜಿನ ಕೋಣೆಯಲ್ಲಿ ನಿಲ್ಲುತ್ತಿದ್ದವರ ಕಥೆಯನ್ನೂ ಹೇಳಿದೆ. ಕಣ್ಣು ಫೋನಿನಿಂದ ಎತ್ತದೆ ಕೇಳಿಸಿಕೊಂಡರು.

"ಒಬ್ಬನ್ ಕೆಲ್ಸ ಅಲ್ಲ ಇದ್," ಅಂದರು. ಆಮೇಲೆ ಫೋನನ್ನು ನನ್ನ ಕೈಗೆ ಕೊಡುತ್ತಾ ಕೇಳಿದರು, "ಇಂಥದ್ದ್ ಎಷ್ಟ್ ಮಾಡಿರ್?"

"ಈ ಮಾದರಿಯದೇ ಏಳ್ನೂರಕ್ಕೂ ಜಾಸ್ತಿ," ಅಂದೆ. "ಎಲ್ಲ ಹೀಗೇ."

ಅವರು ಏನೂ ಹೇಳಲಿಲ್ಲ. ಕೈ ಚಾಚಿ ಫೋನನ್ನು ಮತ್ತೆ ತೆಗೆದುಕೊಂಡರು.